ಬದನೆಯ ಮೇಲಿನದು, ಅವರೆಯ ಮೇಲಿನದು: ಗುಲಗಂಜಿ ಹುಳುಗಳನ್ನು ಬೇರ್ಪಡಿಸುವ ಪಾಠ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಅವಧಿ: 40 ನಿಮಿಷಗಳ ನಾಲ್ಕು ಪೀರಿಯಡ್‌ಗಳು, ಜೊತೆಗೆ ಒಂದು ಶನಿವಾರದ ಬೆಳಗ್ಗೆ.

ಅಭ್ಯಾಸ ಬೋಧನೆಗೆ ನನಗೆ ಹಂಚಿಕೆಯಾದ ಶಾಲೆ ಮಾವಳ್ಳಿಯಲ್ಲಿದೆ, ಲಾಲ್‌ಬಾಗಿನ ಗೋಡೆಯಿಂದ ಕೂಗಳತೆಯ ದೂರದಲ್ಲಿ. ಅಂಗಳ ಚಿಕ್ಕದು. ಆದರೆ ಕಾಂಪೌಂಡಿನ ಉದ್ದಕ್ಕೂ ಒಂದು ಕೈತೋಟವಿದೆ: ಹನ್ನೊಂದು ಬದನೆ ಗಿಡ, ಕಡ್ಡಿಗೆ ಹಬ್ಬಿಸಿದ ಎರಡು ಸಾಲು ಅವರೆ, ಅಡುಗೆ ಕೋಣೆಯ ಹಿಂದೆ ತಾನಾಗಿ ಹುಟ್ಟಿಕೊಂಡ ಸಿಹಿಗುಂಬಳದ ಬಳ್ಳಿ, ಸಿಬ್ಬಂದಿ ಕೋಣೆಯ ಕಿಟಕಿಯ ಪಕ್ಕದಲ್ಲಿ ಎರಡು ದಾಸವಾಳ. ಕಾಲ ಡಿಸೆಂಬರಿನ ಕೊನೆ. ಸಜ್ಜನರಾವ್ ವೃತ್ತದ ಕಡೆ ಹೋದರೆ ಗಾಳಿಯಲ್ಲೇ ಅವರೆಯ ಸೊಗಡು ಸಿಗುವ ದಿನಗಳು.

ನಾನು ಘಟಕ ಯೋಜನೆ ಬರೆಯುತ್ತಿದ್ದ ವಾರದಲ್ಲೇ ತೋಟ ನೋಡಿಕೊಳ್ಳುವ ಅಣ್ಣ ಒಂದು ಬಾಟಲಿ ಕೀಟನಾಶಕ ತಂದಿಟ್ಟಿದ್ದರು. ಬದನೆಯ ಎಲೆಗಳೆಲ್ಲ ಜರಡಿಯಾಗಿದ್ದವು, ಅವುಗಳ ಮೇಲೆ ಚುಕ್ಕೆಯ ದುಂಬಿಗಳು ಕೂತಿದ್ದವು. ಪಕ್ಕದ ಅವರೆಯ ಕುಡಿಗಳಲ್ಲಿ ಕಪ್ಪು ಹೇನು ಮುತ್ತಿತ್ತು, ಅಲ್ಲೂ ಚುಕ್ಕೆಯ ದುಂಬಿಗಳು. "ಎಲ್ಲಾ ಒಂದೇ ಹುಳ ಮೇಡಂ, ಒಂದು ಸಲ ಹೊಡೆದುಬಿಟ್ರೆ ತಂಟೆ ಇರಲ್ಲ" ಎಂದರು. ಶನಿವಾರ ಸಿಂಪಡಣೆ. ಸೋಮವಾರದ ಬಿಸಿಯೂಟದ ಸಾರಿಗೆ ಅದೇ ಅವರೆಯ ಕಾಯಿ ಕೀಳುವುದೆಂದು ಅಡುಗೆಯ ಅಕ್ಕ ಆಗಲೇ ಲೆಕ್ಕ ಹಾಕಿದ್ದರು. ಮುಖ್ಯ ಶಿಕ್ಷಕಿಯವರು ಎರಡನ್ನೂ ಕೇಳಿಸಿಕೊಂಡು ನನಗೆ ಹೇಳಿದ್ದು ಇಷ್ಟು: "ಶನಿವಾರ ಬೆಳಗ್ಗೆವರೆಗೂ ಟೈಮಿದೆ. ಯಾವುದು ಏನು ತಿನ್ನುತ್ತೆ ಅಂತ ನಿಮ್ಮ ಮಕ್ಕಳೇ ಬಂದು ಹೇಳಲಿ. ಆಮೇಲೆ ನೋಡೋಣ."

ಹೀಗೆ ಪಾಠಕ್ಕೊಂದು ಪ್ರಶ್ನೆಯೂ ಸಿಕ್ಕಿತು, ಗಡುವೂ ಸಿಕ್ಕಿತು. ಪಾಠ ಯೋಜನೆಯ ಮೊದಲ ಕಾಲಮ್ಮಿನಲ್ಲಿ ನಾವು ಬರೆಯುವ "ಪ್ರೇರಣೆ"ಯನ್ನು ಈ ಸಲ ನಾನು ಹೊಸೆಯಬೇಕಾಗಲಿಲ್ಲ.

ಹೆಸರಿನಿಂದಲೇ ಶುರು ಮಾಡಿದೆ. ತರಗತಿಯಲ್ಲಿ 36 ಮಕ್ಕಳು. ಮನೆಮಾತು ಕನ್ನಡ, ಉರ್ದು, ತಮಿಳು, ತೆಲುಗು. ಇಂಗ್ಲಿಷ್ ಅಕ್ಷರಮಾಲೆಯ ಪುಸ್ತಕದಿಂದಾಗಿ ಎಲ್ಲರಿಗೂ "ಲೇಡಿಬರ್ಡ್" ಗೊತ್ತು. ತಮಿಳು ಮನೆಯ ಹುಡುಗಿ "ಪೊರಿವಂಡು" ಎಂದಳು, ತೆಲುಗಿನ ಹುಡುಗ ಅಜ್ಜಿಯಿಂದ ಕೇಳಿದ "ಅಕ್ಷಿಂತಲ ಪುರುಗು" ಎಂದ, ಅಂದರೆ ಅಕ್ಷತೆ ಹುಳು. ಕನ್ನಡದ ಗುಲಗಂಜಿ ಹುಳು ಎಂಬ ಹೆಸರು ಇಬ್ಬರಿಗೆ ಮಾತ್ರ ಗೊತ್ತಿತ್ತು, ಗುಲಗಂಜಿಯನ್ನು ಕಂಡವರು ಒಬ್ಬರೂ ಇರಲಿಲ್ಲ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕೆಂಪು ಬೀಜ, ಒಂದು ತುದಿಯಲ್ಲಷ್ಟೇ ಕಪ್ಪು ಎಂದು ಹೇಳಿ, ಚಿತ್ರ ತೋರಿಸಿ, ಅದು ವಿಷದ ಬೀಜ, ಬಾಯಿಗೆ ಹಾಕುವಂಥದ್ದಲ್ಲ ಎಂದೂ ಸೇರಿಸಿದೆ. ಈ ಹೆಸರುಗಳಲ್ಲಿ ಯಾವುದೂ ಬದನೆಯದನ್ನು ಅವರೆಯದರಿಂದ ಬೇರೆ ಮಾಡುವುದಿಲ್ಲ ಎಂಬುದನ್ನು ಮಕ್ಕಳೇ ಗಮನಿಸಿದರು. ಎಲ್ಲ ಭಾಷೆಗಳೂ ಕಣ್ಣಿಗೆ ಬಿದ್ದ ಚುಕ್ಕೆಗೆ ಹೆಸರಿಟ್ಟಿವೆ, ಅದರ ಊಟಕ್ಕಲ್ಲ.

ಶಾಲೆಯಲ್ಲಿದ್ದ ಮುದ್ರಿತ ಚಾರ್ಟಿನಲ್ಲಿ ಒಂದೇ ಗುಲಗಂಜಿ ಹುಳುವಿತ್ತು, ಏಳು ಚುಕ್ಕೆಯದು. ಕಾಕ್ಸಿನೆಲ್ಲಾ ಸೆಪ್ಟೆಂಪಂಕ್ಟೇಟಾ ಎಂಬ ಹೆಸರನ್ನು 1758ರಲ್ಲಿ ಲಿನೇಯಸ್ ಇಟ್ಟದ್ದು. ನಮ್ಮ ಅಂಗಳದಲ್ಲಿ ಅದು ಒಂದೂ ಸಿಗಲಿಲ್ಲ. ಪ್ರಪಂಚದಲ್ಲಿ ಈ ಕುಟುಂಬದ ಸುಮಾರು 6,000 ಜಾತಿಗಳಿವೆ, ಭಾರತದಲ್ಲೇ ನೂರಾರು. ಚಾರ್ಟನ್ನು ನಂಬಿ ಹೊರಗೆ ಹೋದ ಮಗುವಿಗೆ ಅಂಗಳದಲ್ಲಿ ಕಂಡದ್ದೆಲ್ಲ "ತಪ್ಪು ಲೇಡಿಬರ್ಡ್" ಆಗುತ್ತದೆ. ಆದ್ದರಿಂದ ನಾನು ಚಾರ್ಟನ್ನು ಗೋಡೆಯಿಂದ ಇಳಿಸಿ ಬೀರುವಿನ ಮೇಲಿಟ್ಟೆ. ಬೋಧನೋಪಕರಣ ಬಳಸಿಲ್ಲವೆಂದು ವೀಕ್ಷಣಾ ಪುಸ್ತಕದಲ್ಲಿ ಒಂದು ಅಂಕ ಹೋಯಿತು. ಹೋಗಲಿ.

ಮೊದಲ ಪೀರಿಯಡ್‌ನಲ್ಲಿ ಆರು ಗುಂಪು. ಪ್ರತಿ ಗುಂಪಿಗೂ ಮೊಸರಿನ ಪಾರದರ್ಶಕ ಲೋಟ, ಬಾಯಿಗೆ ಕಟ್ಟಲು ಹಳೆಯ ಸೊಳ್ಳೆಪರದೆಯ ತುಂಡು, ರಬ್ಬರ್ ಬ್ಯಾಂಡು, ಒಂದು ಮೆದು ಬ್ರಷ್. ಲಾಲ್‌ಬಾಗಿನಿಂದ ಒಂದು ಹುಳುವನ್ನೂ ತರಬಾರದು, ಅಲ್ಲಿ ಗಿಡ ಮುಟ್ಟಲೂ ಅನುಮತಿ ಬೇಕು ಎಂದು ಮೊದಲೇ ಹೇಳಿದ್ದೆ. ಶಾಲೆಯ ತೋಟ, ಹಿಂದಿನ ಓಣಿಯ ಎಕ್ಕದ ಗಿಡ, ಚರಂಡಿಯ ಪಕ್ಕದ ಕಾಗೆ ಗಣಿಕೆ, ಇಷ್ಟೇ ನಮ್ಮ ಕ್ಷೇತ್ರ. ಹಿಡಿದ ಪ್ರತಿ ಹುಳುವಿನ ಜೊತೆಗೆ ಅದು ಕೂತಿದ್ದ ಎಲೆಯ ಒಂದು ಚೂರೂ ಲೋಟದಲ್ಲಿರಬೇಕೆಂಬುದು ನಿಯಮ. ಈ ನಿಯಮ ಇಲ್ಲದಿದ್ದರೆ ಮುಂದಿನ ಪಾಠವೇ ನಡೆಯುತ್ತಿರಲಿಲ್ಲ. ಇದನ್ನು ಪುನರಾವರ್ತಿಸುವವರು ಉಳಿದೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

"ಎಷ್ಟು ಬಗೆ ಇವೆ?" ಎಂದಷ್ಟೇ ಕೇಳಿದೆ. ಒಂದು ಗುಂಪು ಏಳು ಎಂದಿತು, ಇನ್ನೊಂದು ಒಂಬತ್ತು, ಮತ್ತೊಂದು ಎರಡೇ ಎರಡು. ಎಲ್ಲರೂ ಲೆಕ್ಕ ಹಾಕಿದ್ದು ಚುಕ್ಕೆಗಳನ್ನು. ಚುಕ್ಕೆಯ ಲೆಕ್ಕ ಹುಳುವಿನ ವಯಸ್ಸು ಎಂದೂ ಮೂವರು ಹೇಳಿದರು. ಅದನ್ನು ನಾನು ಅಲ್ಲಗಳೆಯಲು ಹೋಗಲಿಲ್ಲ. ನಾಲ್ಕನೆಯ ಗುಂಪಿನ ಲೋಟದಲ್ಲಿ ಎಲೆಗೆ ಅಂಟಿದ ಒಂದು ಕೋಶವಿತ್ತು. ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅದರಿಂದ ಬಣ್ಣಗೆಟ್ಟ, ಚುಕ್ಕೆಯೇ ಇಲ್ಲದ ತಿಳಿ ಹಳದಿಯ ದುಂಬಿ ಹೊರಬಂದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಬೆನ್ನಿನ ಮೇಲೆ ಕಪ್ಪು ಗೆರೆಗಳು ಮೂಡಿದ್ದವು. ರೆಕ್ಕೆ ಗಟ್ಟಿಯಾದ ಮೇಲೆ ಹೊಸ ಚುಕ್ಕೆ ಸೇರುವುದಿಲ್ಲ. ಒಂದೇ ದಿನದಲ್ಲಿ ಅದಕ್ಕೆ ಅಷ್ಟು "ವಯಸ್ಸಾದ" ಮೇಲೆ ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಚುಕ್ಕೆಯ ಲೆಕ್ಕ ಏಕೆ ಕೈಕೊಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹಲವರು ಇದನ್ನೇ ಕಲಿಸಿಬಿಡುತ್ತೇವೆ. ಬದನೆಯ ದುಂಬಿಯ ವೈಜ್ಞಾನಿಕ ಹೆಸರು ಹೆನೊಸೆಪಿಲ್ಯಾಕ್ನಾ ವಿಜಿಂಟಿಆಕ್ಟೊಪಂಕ್ಟೇಟಾ. ಆ ಉದ್ದನೆಯ ಎರಡನೆಯ ಪದದ ಅರ್ಥ ಇಪ್ಪತ್ತೆಂಟು ಚುಕ್ಕೆಯದು ಎಂದು. ಆದರೆ ಪ್ರತಿ ರೆಕ್ಕೆಯ ಮೇಲೆ ಆರು ಚುಕ್ಕೆ ಮಾತ್ರ ಖಾಯಂ, ಉಳಿದ ಎಂಟು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹೀಗಾಗಿ ಹನ್ನೆರಡರಿಂದ ಇಪ್ಪತ್ತೆಂಟರವರೆಗೆ ಎಷ್ಟು ಚುಕ್ಕೆ ಸಿಕ್ಕರೂ ಅದು ಅದೇ ಜಾತಿ ಇರಬಹುದು. ಅವರೆಯ ಮೇಲೆ ಹೆಚ್ಚಾಗಿ ಸಿಕ್ಕಿದ್ದು ಚೈಲೊಮಿನೆಸ್ ಸೆಕ್ಸ್‌ಮ್ಯಾಕ್ಯುಲೇಟಾ, ಹೆಸರಿನ ಪ್ರಕಾರ ಆರು ಮಚ್ಚೆಯದು. ನೋಡಿದರೆ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕು ಗೆರೆಗಳಾಗಿರುತ್ತವೆ. ಇವೆರಡಕ್ಕೂ ಈ ಹೆಸರು ಕೊಟ್ಟವರು ಲಿನೇಯಸ್‌ನ ಶಿಷ್ಯ ಫ್ಯಾಬ್ರಿಸಿಯಸ್, 1775 ಮತ್ತು 1781ರಲ್ಲಿ. ಅವರ ಮುಂದೆ ಇದ್ದದ್ದು ಒಣಗಿಸಿ ಸೂಜಿಗೆ ಚುಚ್ಚಿದ ಹುಳುಗಳು, ನಮ್ಮ ಮುಂದೆ ಇರುವುದು ಓಡಾಡುವ ಹುಳುಗಳು.

ಎರಡನೆಯ ಪೀರಿಯಡ್‌ಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಗಳನ್ನು ತಂದೆ. ಲೋಟವನ್ನು ಹತ್ತು ನಿಮಿಷ ಮಣ್ಣಿನ ಹೂಜಿಯ ಮೇಲಿಟ್ಟು ತಂಪಾಗಿಸಿದರೆ ಹುಳು ನಿಧಾನವಾಗುತ್ತದೆ. "ಚುಕ್ಕೆ ಬಿಟ್ಟು ಬೇರೆ ಏನಾದರೂ ನೋಡಿ" ಎಂದೆ. ಮೊದಲು ಬಂದ ಉತ್ತರ ಹೊಳಪು. ಅವರೆಯದು ಈಗತಾನೇ ತೊಳೆದ ಸ್ಟೀಲ್ ಲೋಟದ ಹಾಗೆ, ಬದನೆಯದು ಹಲಗೆ ಒರೆಸುವ ಡಸ್ಟರ್ ಹಾಗೆ ಎಂದ ಒಬ್ಬ. ಆ ಹೋಲಿಕೆಯನ್ನೇ ಕಪ್ಪು ಹಲಗೆಯ ಮೇಲೆ ಬರೆದೆ. ಗನ್ನಡಿಯಲ್ಲಿ ನೋಡಿದರೆ ಬದನೆಯ ದುಂಬಿಯ ಮೈತುಂಬ ಸಣ್ಣ ಕೂದಲು, ಅದರಿಂದಲೇ ಮಂಕು. ಇದು ಗಾತ್ರದಲ್ಲೂ ಸ್ವಲ್ಪ ದೊಡ್ಡದು. ಬಣ್ಣ ಇಟ್ಟಿಗೆ ಪುಡಿಯದು.

ಅವರೆಯ ಮೇಲಿದ್ದ ಹೊಳಪಿನವುಗಳಲ್ಲೇ ಎರಡು ಜಾತಿಗಳಿದ್ದವು. ಇವನ್ನು ಬೇರ್ಪಡಿಸುವುದೇ ನಿಜವಾದ ಕಷ್ಟ. ಮೇಲೆ ಹೇಳಿದ ಅಂಕುಡೊಂಕಿನದು ಒಂದು, ಕಾಕ್ಸಿನೆಲ್ಲಾ ಟ್ರಾನ್ಸ್‌ವರ್ಸಾಲಿಸ್ ಇನ್ನೊಂದು. ಎರಡೂ ಕೆಂಪು ಕಿತ್ತಳೆ, ಎರಡಕ್ಕೂ ಕಪ್ಪು ಗುರುತು, ಎರಡಕ್ಕೂ ರೆಕ್ಕೆಗಳು ಕೂಡುವ ನಡುಗೆರೆ ಕಪ್ಪು, ಎರಡೂ ಹೇನು ತಿನ್ನುವವು. ಬೆನ್ನು ನೋಡುತ್ತ ಕೂತರೆ ಗೊಂದಲ ಬಿಡುವುದಿಲ್ಲ. ಕತ್ತು ನೋಡಬೇಕು. ತಲೆಯ ಹಿಂದೆ, ರೆಕ್ಕೆಗಳ ಮುಂದೆ ಇರುವ ಫಲಕವನ್ನು ನಾವು ಕತ್ತು ಎಂದು ಕರೆದೆವು. ಪುಸ್ತಕದ ಮಾತಿನಲ್ಲಿ ಅದು ಮುಂದಿನ ಎದೆಭಾಗದ ಮೇಲ್ಕವಚ. ಟ್ರಾನ್ಸ್‌ವರ್ಸಾಲಿಸ್‌ನ ಕತ್ತು ಕಪ್ಪು, ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ತಿಳಿ ಬಣ್ಣದ ತೇಪೆ. ಅಂಕುಡೊಂಕಿನದರ ಕತ್ತು ಮುಂದೆ ಮತ್ತು ಪಕ್ಕಗಳಲ್ಲಿ ಹಳದಿ, ಹಿಂಬದಿಗೆ ಒಂದು ಕಪ್ಪು ಪಟ್ಟಿ, ಆ ಪಟ್ಟಿಯ ನಡುವಿನಿಂದ ಮುಂದಕ್ಕೆ ಚಾಚಿದ ಒಂದು ಕಪ್ಪು ಗುರುತು. ಇಷ್ಟು ಸಿಕ್ಕ ಮೇಲೆ ಬೆನ್ನಿಗೆ ಬಂದರೆ ಅದೂ ಓದಲು ಬರುತ್ತದೆ: ಟ್ರಾನ್ಸ್‌ವರ್ಸಾಲಿಸ್‌ನ ನಡುಗೆರೆ ದಪ್ಪ, ಪ್ರತಿ ರೆಕ್ಕೆಯ ಮುಂಭಾಗದಲ್ಲಿ ಕವಲೊಡೆದ ಒಂದು ಮಚ್ಚೆ, ಹಿಂಭಾಗದಲ್ಲಿ ಅಡ್ಡ ಮಚ್ಚೆ, ಇನ್ನೊಂದರಲ್ಲಿ ನಡುಗೆರೆ ಸಣ್ಣ, ಅಡ್ಡಲಾಗಿ ಎರಡು ಅಂಕುಡೊಂಕು ಗೆರೆ, ಬಾಲದ ಕಡೆಗೆ ಒಂದೊಂದು ಬೊಟ್ಟು.

ಅಂಕುಡೊಂಕಿನದರಲ್ಲಿ ಬಣ್ಣ ಬಹಳ ಬದಲಾಗುತ್ತದೆ. ಒಂದು ಹಳದಿ, ಒಂದು ಕಿತ್ತಳೆ, ಒಂದು ಗುಲಾಬಿಯ ಛಾಯೆಯದು, ಕೆಲವು ಅರ್ಧಕ್ಕರ್ಧ ಕಪ್ಪು. ಒಂಬತ್ತು ಬಗೆ ಎಂದಿದ್ದ ಗುಂಪು ಈ ಬಣ್ಣಗಳನ್ನೇ ಬೇರೆ ಬೇರೆ ಎಂದು ಎಣಿಸಿತ್ತು. ಅವರ ಲೋಟದಲ್ಲೇ ಒಂದು ಹಳದಿಯದು ಒಂದು ಕಿತ್ತಳೆಯದರೊಂದಿಗೆ ಜೋಡಿಯಾಗಿತ್ತು. ಹಿಂದಿನ ಬೆಂಚಿನಲ್ಲಿ ಸ್ವಲ್ಪ ಕಿಸಿಪಿಸಿ. ನಾನು ಲೋಟವನ್ನು ಎತ್ತಿ ಹಿಡಿದು, "ಇವೆರಡೂ ಬೇರೆ ಜಾತಿ ಅಂತ ಬರೆದಿದ್ದೀರಿ, ಮರಿ ಯಾವ ಜಾತಿ ಆಗುತ್ತೆ?" ಎಂದೆ. ಕಿಸಿಪಿಸಿ ನಿಂತು ಒಬ್ಬಳು ತಾನೇ ಪಟ್ಟಿಯಲ್ಲಿ ಎರಡು ಸಾಲನ್ನು ಹೊಡೆದುಹಾಕಿದಳು. ಬೇರೆ ಜಾತಿಗಳೂ ಅಪರೂಪಕ್ಕೆ ಹೀಗೆ ಜೋಡಿಯಾಗುವುದುಂಟು, ಆದ್ದರಿಂದ ಇದೊಂದೇ ಪುರಾವೆಯಲ್ಲ ಎಂದೂ ಹೇಳಿದೆ. ಆದರೆ ಜಾತಿ ಎಂಬ ಪದಕ್ಕೆ ಜೀವಶಾಸ್ತ್ರದಲ್ಲಿ ಏನು ಅರ್ಥವೆಂದು ನಾನು ವ್ಯಾಖ್ಯಾನ ಬರೆಸಬೇಕಾದ ಅಗತ್ಯ ಬೀಳಲಿಲ್ಲ.

ಮುಟ್ಟಿದರೆ ಕಾಲು ಮಡಚಿಕೊಂಡು ಸತ್ತಂತೆ ಬೀಳುವುದು, ಮೊಣಕಾಲಿನಿಂದ ಹಳದಿ ಕಹಿ ದ್ರವ ಬಿಡುವುದು, ಇವನ್ನು ಎರಡು ಕಡೆಯವೂ ಮಾಡುತ್ತವೆ. ಗುರುತಿಗೆ ಉಪಯೋಗವಿಲ್ಲ. ಕೈ ತೊಳೆಸುವುದನ್ನು ಮಾತ್ರ ಮರೆಯಬೇಡಿ.

ಇಷ್ಟರಿಂದ ಅವು ಬೇರೆ ಬೇರೆ ಎಂದಾಯಿತೇ ಹೊರತು, ಯಾವುದು ಏನು ತಿನ್ನುತ್ತದೆ ಎಂದಾಗಲಿಲ್ಲ. ಬದನೆಯ ಮೇಲೆ ಕೂತ ಮಾತ್ರಕ್ಕೆ ಬದನೆ ತಿಂದಿತೆಂದು ಹೇಳುವುದು ಹೇಗೆ? ಮೂರನೆಯ ಪೀರಿಯಡ್‌ನಲ್ಲಿ ಅದಲು ಬದಲು ಪರೀಕ್ಷೆ ಮಾಡಿದೆವು. ನಾಲ್ಕು ಲೋಟ: ಅವರೆಯ ದುಂಬಿಗೆ ಹೇನು ಮುತ್ತಿದ ಅವರೆ ಕುಡಿ, ಅವರೆಯ ದುಂಬಿಗೆ ಹೇನಿಲ್ಲದ ಬದನೆ ಎಲೆ, ಬದನೆಯ ದುಂಬಿಗೆ ಹೇನು ಮುತ್ತಿದ ಅವರೆ ಕುಡಿ, ಬದನೆಯ ದುಂಬಿಗೆ ಬದನೆ ಎಲೆ. ಎಲ್ಲ ಜೋಡಿಸಿ ಮುಗಿಸಿದ ಮೇಲೆ, ವರ್ಷವಿಡೀ ಬಾಯಿ ಬಿಡದವಳೆಂದು ತರಗತಿ ಶಿಕ್ಷಕಿ ನನಗೆ ಹೇಳಿದ್ದ ಹುಡುಗಿ ಕೇಳಿದಳು: "ಮಿಸ್, ದುಂಬಿ ಇಲ್ದೇನೇ ಹೇನು ಕಮ್ಮಿ ಆಗಿಬಿಟ್ರೆ?" ಐದನೆಯ ಲೋಟ ಅವಳದು, ಹೇನು ಮಾತ್ರ, ದುಂಬಿ ಇಲ್ಲ. ನಿಯಂತ್ರಿತ ಪ್ರಯೋಗ ಎಂಬ ಪದವನ್ನು ನಾನು ಆ ಲೋಟಕ್ಕೆ ಅಂಟಿಸಿದ ಚೀಟಿಯ ಮೇಲೆ ಬರೆದೆ.

ಮರುದಿನ ಬೆಳಗ್ಗೆ ಮೊದಲ ಲೋಟದಲ್ಲಿ ಹೇನು ಬೆರಳೆಣಿಕೆಯಷ್ಟು. ಎರಡನೆಯದರಲ್ಲಿ ಎಲೆ ಹಾಗೇ ಇತ್ತು, ದುಂಬಿ ಪರದೆಯ ಹತ್ತಿರ ಸುತ್ತುತ್ತಿತ್ತು. ಮೂರನೆಯದರಲ್ಲಿ ಹೇನೂ ಇದ್ದವು, ದುಂಬಿಯೂ ಸುಮ್ಮನಿತ್ತು. ನಾಲ್ಕನೆಯ ಎಲೆಯಲ್ಲಿ ಹಸಿರನ್ನು ಸಾಲು ಸಾಲಾಗಿ ಕೆರೆದು ತೆಳ್ಳನೆಯ ಪೊರೆಯಷ್ಟೇ ಉಳಿದ ಕಿಟಕಿಗಳು. ಐದನೆಯದರಲ್ಲಿ ಹೇನು ಕಡಿಮೆಯಾಗಿರಲಿಲ್ಲ. ಆ ಹುಡುಗಿ ಏನೂ ಹೇಳಲಿಲ್ಲ, ಲೋಟವನ್ನು ಎಲ್ಲ ಗುಂಪುಗಳಿಗೂ ತಾನೇ ತೋರಿಸಿಕೊಂಡು ಬಂದಳು.

ಆಗ ತೋಟದ ಅಣ್ಣನನ್ನು ಒಳಗೆ ಕರೆದೆ. ಅವರು ಮಾಗಡಿ ಕಡೆಯ ಬೇಸಾಯದ ಮನೆಯವರು. ಮಕ್ಕಳು ಬದನೆ ಎಲೆಯ ಹಿಂದೆ ಕಂಡ ಹಳದಿ ಬಣ್ಣದ, ಮೈಯೆಲ್ಲ ಕವಲು ಮುಳ್ಳಿನ ಮರಿಹುಳುವನ್ನು ತೋರಿಸಿದಾಗ ಥಟ್ಟನೆ ಗುರುತಿಸಿದರು. "ಇದು ನಮ್ಮೂರಲ್ಲೂ ಬದನೆಗೆ ಬರುತ್ತೆ, ಮುಳ್ಳುಹುಳ. ಇದು ಬೇರೆ ಅಲ್ವಾ?" ಅದೇ ದುಂಬಿಯ ಮರಿ ಅದು ಎಂದು ನಾನು ಹೇಳುವ ಮೊದಲೇ ಒಬ್ಬ ಹುಡುಗ ಮರಿ, ಕೋಶ, ದುಂಬಿ ಮೂರೂ ಇದ್ದ ಎಲೆಯನ್ನು ಮುಂದಿಟ್ಟ. ಅವರೆಯ ದುಂಬಿಯ ಮರಿ ಹೀಗಿಲ್ಲ. ಅದು ಉದ್ದ ಕಾಲಿನ, ಮೊಸಳೆಯ ಆಕಾರದ, ಬೂದು ಮೈ ಮೇಲೆ ತಿಳಿ ಮಚ್ಚೆಗಳಿರುವ ಚುರುಕಿನ ಜಂತು, ಹೇನಿನ ಗುಂಪಿನೊಳಗೇ ನುಗ್ಗಿ ತಿನ್ನುತ್ತದೆ. ನನ್ನ ಅನುಭವದಲ್ಲಿ ಮರಿಯನ್ನು ನೋಡಿ ಬೇರ್ಪಡಿಸುವುದೇ ಎಲ್ಲಕ್ಕಿಂತ ಸುಲಭ, ಅದರಲ್ಲಿ ಯಾರೂ ಎಡವಲಿಲ್ಲ. ಎಲ್ಲಕ್ಕಿಂತ ಕಷ್ಟ ಮೊಟ್ಟೆ. ಎರಡರದೂ ಹಳದಿ, ಎರಡೂ ಉದ್ದುದ್ದ, ಎರಡನ್ನೂ ಗುಂಪಾಗಿ ನಿಲ್ಲಿಸಿ ಇಟ್ಟಿರುತ್ತವೆ. ಬರಿಗಣ್ಣಿಗೆ ಗಿಡವೊಂದೇ ಸುಳಿವು. ಸಂಶಯವಿದ್ದರೆ ಎಲೆಯನ್ನು ಲೋಟದಲ್ಲಿಟ್ಟು ನಾಲ್ಕು ದಿನ ಕಾಯಬೇಕು, ಮುಳ್ಳು ಬಂತೋ ಇಲ್ಲವೋ ನೋಡಬೇಕು.

ಅಷ್ಟರಲ್ಲಿ ತರಗತಿ ತನ್ನದೇ ಒಂದು ಸೂತ್ರ ಮಾಡಿಕೊಂಡಿತ್ತು: ಹೊಳೆದರೆ ಮಿತ್ರ, ಕೂದಲಿದ್ದರೆ ಶತ್ರು. ಕಪ್ಪು ಹಲಗೆಯ ಮೂಲೆಯಲ್ಲಿ ದೊಡ್ಡದಾಗಿ ಬರೆದೂ ಇಟ್ಟಿದ್ದರು. ನಾನು ಅದನ್ನು ಅಳಿಸಲಿಲ್ಲ. ನಾಲ್ಕನೆಯ ಪೀರಿಯಡ್‌ಗೆ ದಾಸವಾಳ ಮತ್ತು ಕುಂಬಳ ಬಳ್ಳಿಯ ಹತ್ತಿರ ಕರೆದುಕೊಂಡು ಹೋದೆ.

ದಾಸವಾಳದ ಎಳೆ ಕೊಂಬೆಗಳಲ್ಲಿ ಹಿಟ್ಟು ತಿಗಣೆ ಅಂಟಿತ್ತು. ಅವುಗಳ ನಡುವೆ ಕಡು ಕಂದು ರೆಕ್ಕೆಯ, ತಲೆ, ಕತ್ತು ಮತ್ತು ಬಾಲದ ತುದಿ ಕಿತ್ತಳೆಯಾದ, ಸುಮಾರು ನಾಲ್ಕು ಮಿಲಿಮೀಟರಿನ ದುಂಬಿ. ಚುಕ್ಕೆ ಇಲ್ಲ, ಮೈಮೇಲೆ ಕೂದಲಿದೆ. ಸೂತ್ರದ ಪ್ರಕಾರ ಶತ್ರು. ಇದು ಕ್ರಿಪ್ಟೊಲೀಮಸ್ ಮಾಂಟ್ರೂಜಿಯೇರಿ, ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಆಸ್ಟ್ರೇಲಿಯದ ಗುಲಗಂಜಿ ಹುಳು. 1898ರಲ್ಲಿ ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು ಇದನ್ನು ದಕ್ಷಿಣ ಭಾರತಕ್ಕೆ ತಂದರು. ಆ ಕೆಲಸದಲ್ಲಿ ಅದು ಗೆಲ್ಲಲಿಲ್ಲ, ಆದರೆ ಹಿಟ್ಟು ತಿಗಣೆಗಳನ್ನು ಹುಡುಕಿಕೊಂಡು ಇಲ್ಲೇ ನೆಲೆಯೂರಿತು. ಇಂದು ದ್ರಾಕ್ಷಿ, ಸೀಬೆಯ ತೋಟಗಳಿಗೆ ಬಿಡಲು ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಾರೆ. ತಿಗಣೆ ಹತ್ತಿಸಿದ ಸಿಹಿಗುಂಬಳಕಾಯಿಯೇ ಇದರ ಸಾಕುಮನೆ. ಇಂಥ ಕೆಲಸಕ್ಕೆಂದೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ನಮ್ಮ ಹೆಬ್ಬಾಳದಲ್ಲೇ ಇದೆ ಎಂದಾಗ ಮಕ್ಕಳಿಗೆ ಅಚ್ಚರಿ.

ಇದರ ಮರಿ ಇನ್ನೂ ದೊಡ್ಡ ಮೋಸ. ಮೈಯೆಲ್ಲ ಬಿಳಿ ಮೇಣದ ಎಳೆಗಳು, ಥೇಟ್ ಹಿಟ್ಟು ತಿಗಣೆಯಂತೆ. ನೀರು ಹಾಯಿಸಿ ತಿಗಣೆ ತೊಳೆಯುವವರು ಮೊದಲು ತೊಳೆದು ಬಿಸಾಕುವುದು ಇದನ್ನೇ, ಏಕೆಂದರೆ ಇದು ತಿಗಣೆಗಿಂತ ದೊಡ್ಡದಾಗಿ ಕಾಣುತ್ತದೆ. ಬ್ರಷ್ಷಿನಿಂದ ಮುಟ್ಟಿ ನೋಡುವುದು ಪರೀಕ್ಷೆ. ತಿಗಣೆ ಅಲ್ಲಾಡುವುದೇ ಅಪರೂಪ, ಇದು ಕಾಲು ಬಿಚ್ಚಿ ಓಡುತ್ತದೆ.

ಕುಂಬಳದ ಬಳ್ಳಿಯಲ್ಲಿ ಬೂದಿ ರೋಗ ಹಿಡಿದ ಎಲೆಗಳ ಮೇಲೆ ಅರಿಶಿನದಷ್ಟು ಹಳದಿಯ, ಬೆನ್ನಿನ ಮೇಲೆ ಒಂದೂ ಚುಕ್ಕೆಯಿಲ್ಲದ ದುಂಬಿಗಳು ವೇಗವಾಗಿ ಓಡಾಡುತ್ತಿದ್ದವು. ಬಿಳಿ ಕತ್ತಿನ ಮೇಲೆ ಎರಡು ಕಪ್ಪು ಬೊಟ್ಟು. ಇಲ್ಲೀಸ್ ಸಿಂಕ್ಟಾ. ಹೊಳಪಿದೆ, ಆದ್ದರಿಂದ ಹೇನು ತಿನ್ನಬೇಕು. ಆದರೆ ಬಳ್ಳಿಯಲ್ಲಿ ಹೇನೇ ಇಲ್ಲ. ಎಲೆಯಲ್ಲಿ ಕೆರೆದ ಕಿಟಕಿಯೂ ಇಲ್ಲ. ಮತ್ತೇನು ತಿನ್ನುತ್ತದೆ? ಐದು ನಿಮಿಷ ಸುಮ್ಮನೆ ನೋಡಿದ ಮೇಲೆ ಒಬ್ಬಳು, "ಮಿಸ್, ಬೂದಿ ನೆಕ್ತಾ ಇದೆ" ಎಂದಳು. ನಿಜ, ಅದು ತಿನ್ನುವುದು ಶಿಲೀಂಧ್ರವನ್ನು. ಹಿಪ್ಪುನೇರಳೆಯ ಬೂದಿ ರೋಗದ ಎಲೆಗಳಲ್ಲೂ ಇದು ಸಿಗುತ್ತದೆ. ಮಿತ್ರನೋ ಶತ್ರುವೋ ಎಂಬ ಎರಡು ಕಾಲಮ್ಮಿನ ಕೋಷ್ಟಕದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ತರಗತಿಗೆ ಮರಳಿದ ಮೇಲೆ ಹಲಗೆಯ ಸೂತ್ರವನ್ನು ಅವರೇ ಅಳಿಸಿ, ಆ ಜಾಗದಲ್ಲಿ "ಎರಡು ಸಾಕ್ಷಿ" ಎಂದು ಬರೆದರು: ಒಂದು ಮೈಯಿಂದ, ಒಂದು ಗಿಡದಿಂದ.

ಮೌಲ್ಯಮಾಪನಕ್ಕೂ ಅದೇ ಅಳತೆ. ಪ್ರತಿ ಮಗುವಿಗೂ ಒಂದು ಲೋಟ, ಒಂದು ಎಲೆ ಚೂರು. ವೈಜ್ಞಾನಿಕ ಹೆಸರಿಗೆ ಅಂಕವಿಲ್ಲ. ತೀರ್ಮಾನಕ್ಕೆ ಒಂದು, ಪ್ರತಿ ಸಾಕ್ಷಿಗೆ ಎರಡೆರಡು. ಮೂರು ಲೋಟಗಳಲ್ಲಿ ಬೇಕೆಂದೇ ಎಲೆ ಇಟ್ಟಿರಲಿಲ್ಲ. ಅಂಥ ಲೋಟ ಸಿಕ್ಕ ಒಬ್ಬ ಹುಡುಗ ಬರೆದದ್ದು: "ಮಂಕಾಗಿದೆ, ಕೂದಲಿದೆ, ಚುಕ್ಕೆ 20. ಬದನೆಯದು ಇರಬಹುದು. ಎಲೆ ಕೊಟ್ಟರೆ ಖಚಿತವಾಗಿ ಹೇಳುತ್ತೇನೆ." ಐದಕ್ಕೆ ಐದು ಕೊಟ್ಟೆ. ಉತ್ತರ ಅಪೂರ್ಣವಲ್ಲವೇ ಎಂದು ಪಾಠ ವೀಕ್ಷಿಸಿದ ಮಾರ್ಗದರ್ಶಕರು ಕೇಳಿದರು. ಸಾಕ್ಷಿ ಇರುವಷ್ಟಕ್ಕೆ ಮಾತ್ರ ಹೇಳಿದ್ದಾನೆ, ಅದೇ ಈ ಘಟಕದ ಕಲಿಕಾ ಫಲ ಎಂದೆ. ಈ ವಿಚಾರದಲ್ಲಿ ನಾವಿಬ್ಬರೂ ಈಗಲೂ ಒಮ್ಮತಕ್ಕೆ ಬಂದಿಲ್ಲ.

ಶನಿವಾರ ಬೆಳಗ್ಗೆ ಮಕ್ಕಳು ಮುಖ್ಯ ಶಿಕ್ಷಕಿ, ತೋಟದ ಅಣ್ಣ, ಅಡುಗೆಯ ಅಕ್ಕ ಮೂವರನ್ನೂ ಗಿಡಗಳ ಹತ್ತಿರ ನಿಲ್ಲಿಸಿ ತೋರಿಸಿದರು. ತೀರ್ಮಾನ ಹೀಗಾಯಿತು: ಬದನೆಯಲ್ಲಿ ಮೊಟ್ಟೆಯಿರುವ ಎಲೆ, ಮುಳ್ಳುಮರಿ, ದುಂಬಿ ಎಲ್ಲವನ್ನೂ ಕೈಯಿಂದ ಆರಿಸಿ ಸಾಬೂನು ನೀರಿನ ಬಕೆಟ್ಟಿಗೆ ಹಾಕುವುದು. ಚರಂಡಿ ಪಕ್ಕದ ಕಾಗೆ ಗಣಿಕೆಯಲ್ಲೂ ಅದೇ ದುಂಬಿ ಇದ್ದುದರಿಂದ ಅಲ್ಲೂ ಆರಿಸುವುದು. ಅವರೆಗೆ ಏನನ್ನೂ ಸಿಂಪಡಿಸದೆ, ಹೇನು ತೀರಾ ದಟ್ಟವಾಗ��ರುವ ಕುಡಿಗಳನ್ನು ಮಾತ್ರ ಚಿವುಟುವುದು. ಬಾಟಲಿ ಮುಚ್ಚಳ ತೆರೆಯದೆ ಅಂಗಡಿಗೆ ವಾಪಸ್ಸು ಹೋಯಿತು. ಸೋಮವಾರ ಸಾರಾಯಿತು.

ಎಲ್ಲವೂ ಚೆನ್ನಾಯಿತೆಂದು ಹೇಳಲಾರೆ. ಎರಡು ಬದನೆ ಗಿಡಗಳು ಚೇತರಿಸಿಕೊಳ್ಳಲಿಲ್ಲ. ಅವರೆಯ ಒಂದು ಸಾಲಿನಲ್ಲಿ ವಾರದೊಳಗೆ ಹೇನು ಕಡಿಮೆಯಾಯಿತು, ಇನ್ನೊಂದರಲ್ಲಿ ಆಗಲಿಲ್ಲ. ಅಲ್ಲಿ ಇರುವೆಗಳಿದ್ದವು; ಹೇನು ಸುರಿಸುವ ಸಿಹಿ ದ್ರವಕ್ಕಾಗಿ ಅವು ಹೇನನ್ನು ಕಾಯುತ್ತವೆ, ಗುಲಗಂಜಿ ಹುಳು ಹತ್ತಿರ ಬಂದರೆ ಅಟ್ಟುತ್ತವೆ. ಮೊದಲ ಸಾಲಿನಿಂದ ದುಂಬಿಗಳನ್ನು ಹಿಡಿದು ಇಲ್ಲಿಗೆ ಬಿಟ್ಟರೂ ಹಾರಿಹೋದವು. ಕಡ್ಡಿಯ ಬುಡಕ್ಕೆ ಇರುವೆ ಹತ್ತದಂತೆ ಏನು ಮಾಡಬಹುದೆಂದು ಮಕ್ಕಳು ತೋಟದ ಅಣ್ಣನ ಜೊತೆ ಚರ್ಚಿಸುತ್ತಿರುವಾಗ ನನ್ನ ಅಭ್ಯಾಸ ಬೋಧನೆಯ ಅವಧಿ ಮುಗಿಯಿತು.

ಇದೇ ಪಾಠವನ್ನು ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಅವರೆಯ ಕಾಲ, ಅಂದರೆ ಡಿಸೆಂಬರ್ ಜನವರಿ, ಬೆಂಗಳೂರಿನಲ್ಲಿ ಇದಕ್ಕೆ ಒಳ್ಳೆಯ ಸಮಯ. ತೋಟವಿಲ್ಲದ ಶಾಲೆಯಾದರೆ ಖಾಲಿ ಸೈಟಿನ ಎಕ್ಕದ ಗಿಡ ಹುಡುಕಿ, ಅದರ ಹಳದಿ ಹೇನಿನ ನಡುವೆ ಅಂಕುಡೊಂಕಿನದು ಸಾಮಾನ್ಯವಾಗಿ ಸಿಗುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಕೊಂಬೆಯನ್ನು ನೀವೇ ಹಿಡಿಯಿರಿ. ಕುಂಬಳ, ಸೌತೆಯ ಬಳ್ಳಿಯಲ್ಲಿ ಸಿಗುವ ಕೆಂಪು ಕಿತ್ತಳೆಯ ಉದ್ದನೆಯ ದುಂಬಿಯನ್ನು ಮಕ್ಕಳು ಗುಲಗಂಜಿ ಹುಳು ಎಂದು ತಂದೇ ತರುತ್ತಾರೆ. ಕುಡಿಮೀಸೆ ನೋಡಲು ಹೇಳಿ: ಅದರದು ದಾರದಂತೆ ಉದ್ದ, ಗುಲಗಂಜಿ ಹುಳುವಿನದು ಗಿಡ್ಡ, ತುದಿ ದಪ್ಪ. ಫೋನಿನ ಕ್ಯಾಮೆರಾದ ಮುಂದೆ ಭೂತಗನ್ನಡಿ ಹಿಡಿದರೆ ಕತ್ತಿನ ಗುರುತು ಸ್ಪಷ್ಟವಾಗಿ ಬರುತ್ತದೆ, ಆದರೆ ಚಿತ್ರವನ್ನು ನೇರವಾಗಿ ಮೇಲಿನಿಂದ ತೆಗೆಯಬೇಕು. ಲೋಟದಲ್ಲಿ ಒಂದು ರಾತ್ರಿಗಿಂತ ಹೆಚ್ಚು ಹುಳು ಇಡುವುದಾದರೆ ಒದ್ದೆ ಹತ್ತಿಯ ಒಂದು ಉಂಡೆಯನ್ನೂ, ಹೇನು ತಿನ್ನುವವಕ್ಕೆ ಸಾಕಷ್ಟು ಹೇನನ್ನೂ ಇಡಿ. ಹಸಿದ ಮರಿಗಳು ಒಂದನ್ನೊಂದು ತಿನ್ನುತ್ತವೆ. ಪಾಠ ಮುಗಿದ ಮೇಲೆ ಅವನ್ನು ಹಿಡಿದ ಗಿಡಕ್ಕೇ ಸಂಜೆಯ ಹೊತ್ತು ಬಿಡಿ, ಬಿಸಿಲಿನಲ್ಲಿ ಬಿಟ್ಟರೆ ಕೂಡಲೇ ಹಾರುತ್ತವೆ.